ಹಳೇ ಹಾರ್ಡ್ ಡಿಸ್ಕನ್ನು ಕಂಪ್ಯೂಟರ್‌ಗೆ ಎರಡನೇ ಡ್ರೈವ್ ಆಗಿ ಜೋಡಿಸೋದು ಹೇಗೆ? ಫಾರ್ಮ್ಯಾಟ್ ಒತ್ತುವ ಮುನ್ನ ಇದನ್ನು ಓದಿ

ಹೈದರಾಬಾದ್: ಸಿಕಂದರಾಬಾದ್‌ನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್ ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಜಾಗ. ಜನರ ಬಾಯಲ್ಲಿ ಅದು ಬರೀ 'ಸಿಟಿಸಿ'. ಹೈದರಾಬಾದ್ ಕನ್ನಡಿಗರಿಗಷ್ಟೇ ಅಲ್ಲ, ಬೀದರ್ ಕಡೆಯವರಿಗೂ ಬೆಂಗಳೂರಿಗಿಂತ ಇದೇ ಹತ್ತಿರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದ ಮೇಲೆ ಹಳೇ ಪಿಸಿ ಬದಲಿಸುವ ಪ್ರಶ್ನೆ ಹಲವು ಮನೆಗಳಲ್ಲಿ ಎದ್ದಿದೆ. ಹೊಸ ಕಂಪ್ಯೂಟರ್‌ನಲ್ಲಿ 256 ಅಥವಾ 512 ಜಿಬಿ ಎಸ್‌ಎಸ್‌ಡಿ ಇದ್ದರೆ, ಹಳೆಯದರಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇರುತ್ತದೆ. ಅದನ್ನು ಗುಜರಿಗೆ ಹಾಕಬೇಕಿಲ್ಲ. ಎರಡನೇ ಡ್ರೈವ್ ಆಗಿ ಬಳಸಬಹುದು. ಆದರೆ ಜೋಡಿಸುವ ಆತುರದಲ್ಲಿ ಹತ್ತು ವರ್ಷದ ಫೋಟೊಗಳು ಹೋಗಬಾರದು, ಅಷ್ಟೇ.

ಮೊದಲು ಯಾವ ಡಿಸ್ಕ್ ಅಂತ ನೋಡಿ

ಡೆಸ್ಕ್‌ಟಾಪ್‌ನದ್ದು 3.5 ಇಂಚು, ಲ್ಯಾಪ್‌ಟಾಪ್‌ನದ್ದು 2.5 ಇಂಚು. ಹಿಂಭಾಗದಲ್ಲಿ 'ಎಲ್' ಆಕಾರದ ಎರಡು ತೆಳು ಕನೆಕ್ಟರ್ ಇದ್ದರೆ ಅದು ಸಾಟಾ. ಚಿಂತೆಯಿಲ್ಲ. ಅಗಲವಾದ ಪಟ್ಟಿ ಕೇಬಲ್‌ಗೆ 40 ಪಿನ್ ಸಾಲು ಕಂಡರೆ ಅದು ಹಳೇ ಐಡಿಇ. ಈಗಿನ ಮದರ್‌ಬೋರ್ಡ್‌ಗಳಲ್ಲಿ ಅದಕ್ಕೆ ಜಾಗವೇ ಇಲ್ಲ, ಯುಎಸ್‌ಬಿ ಕನ್ವರ್ಟರ್ ಕೊಳ್ಳಬೇಕು.

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್‌ನ ಲೋಹದ ಭಾಗವನ್ನು ಒಮ್ಮೆ ಮುಟ್ಟಿ ಕೆಲಸ ಶುರು ಮಾಡಿ. ಸಾಟಾ ಡೇಟಾ ಕೇಬಲ್ ಮದರ್‌ಬೋರ್ಡ್‌ಗೆ, ಪವರ್ ಕೇಬಲ್ ಎಸ್‌ಎಂಪಿಎಸ್‌ನಿಂದ. ಡಿಸ್ಕನ್ನು ಕ್ಯಾಬಿನೆಟ್‌ಗೆ ಸ್ಕ್ರೂ ಹಾಕಿ ಬಿಗಿ ಮಾಡಿ. ಒಳಗೆ ತಟ್ಟೆಗಳು ತಿರುಗುವುದರಿಂದ ಅಲ್ಲಾಡುವಂತೆ ಇಡುವುದು ಸರಿಯಲ್ಲ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಎಸ್‌ಎಸ್‌ಡಿ ಹಾಕಿದರೆ ಒಂದೆರಡು ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಡಿಸ್ಕ್ ಕಾಣದಿದ್ದರೆ ಪೋರ್ಟ್ ಬದಲಿಸಿ ನೋಡಿ.

ಲ್ಯಾಪ್‌ಟಾಪ್ ಇರುವವರು 2.5 ಇಂಚಿನ ಡಿಸ್ಕನ್ನು ಯುಎಸ್‌ಬಿ ಕೇಸ್‌ಗೆ ಹಾಕಿಕೊಂಡರೆ ಸಾಕು. 3.5 ಇಂಚಿನದ್ದಕ್ಕೆ 12 ವೋಲ್ಟ್ ಅಡಾಪ್ಟರ್ ಇರುವ ಕೇಸ್ ಬೇಕು, ಯುಎಸ್‌ಬಿಯ ವಿದ್ಯುತ್ ಅದಕ್ಕೆ ಸಾಲದು.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಮಾತ್ರ ಹಳೇ ಡಿಸ್ಕ್ ಕಳಚಿಯೇ ಇರಲಿ. ಇಲ್ಲವಾದರೆ ಬೂಟ್ ಫೈಲ್‌ಗಳು ಹಳೇ ಡಿಸ್ಕ್‌ನಲ್ಲಿ ಕೂತುಬಿಡುವ ಸಾಧ್ಯತೆ ಇದೆ. ಮುಂದೆ ಅದನ್ನು ತೆಗೆದ ದಿನ ಕಂಪ್ಯೂಟರ್ ಆನ್ ಆಗುವುದೇ ಇಲ್ಲ. ಹಳೇ ಡಿಸ್ಕ್‌ನಲ್ಲೂ ವಿಂಡೋಸ್ ಇರುವುದರಿಂದ ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ಎಸ್‌ಎಸ್‌ಡಿ ಮೊದಲಿರಲಿ.

ಇಲ್ಲೇ ಎಡವುವುದು

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ ಇದ್ದೂ ಅಕ್ಷರ ಇಲ್ಲದಿದ್ದರೆ ಡ್ರೈವ್ ಲೆಟರ್ ಕೊಟ್ಟರೆ ಸಾಕು. 'ಇನಿಶಿಯಲೈಸ್ ಮಾಡಲೇ?', 'ಫಾರ್ಮ್ಯಾಟ್ ಮಾಡಲೇ?' ಎಂದು ವಿಂಡೋಸ್ ಕೇಳಿದರೆ, ಒಳಗೆ ಬೇಕಾದ ಫೈಲ್ ಇರುವವರು ಒಪ್ಪಲೇಬಾರದು. ಅದು ಲಿನಕ್ಸ್ ಡಿಸ್ಕ್ ಇರಬಹುದು, ಪಾರ್ಟಿಷನ್ ಹಾಳಾಗಿರಬಹುದು. ಎರಡರಲ್ಲೂ ಡೇಟಾ ಸಿಗುವ ದಾರಿ ಇದೆ, ಫಾರ್ಮ್ಯಾಟ್ ಮಾಡಿ ಮೇಲೆ ಬೇರೆ ಫೈಲ್ ತುಂಬಿದರೆ ಇಲ್ಲ. ಬಿಟ್‌ಲಾಕರ್ ಹಾಕಿದ್ದರೆ ಪಾಸ್‌ವರ್ಡ್ ಅಥವಾ 48 ಅಂಕಿಯ ರಿಕವರಿ ಕೀ ಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ನೋಡಿ. ಹಳೇ ಯೂಸರ್ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಎಂದು ಬಂದರೆ ಹೆದರಬೇಡಿ, ಅಡ್ಮಿನ್ ಖಾತೆಯಲ್ಲಿದ್ದು ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ.

ಕನ್ನಡಿಗರು ಗಮನಿಸಬೇಕಾದ್ದು ಇನ್ನೊಂದಿದೆ. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಕಡತಗಳು ಹೊಸ ಕಂಪ್ಯೂಟರ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಹಾಳಾಯಿತು ಎಂದು ಅಳಿಸಬೇಡಿ. ಹಳೇ ಡಿಸ್ಕ್‌ನ ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್‌ನಿಂದ ಆ ಫಾಂಟ್ ತಂದು ಹಾಕಿಕೊಂಡರೆ ಪತ್ರ, ಕಥೆ, ಲೆಕ್ಕ ಎಲ್ಲವೂ ಮೊದಲಿನಂತೆ ಓದಲು ಸಿಗುತ್ತವೆ. ಫಾರ್ಮ್ಯಾಟ್ ಮಾಡಿದರೆ ಫೈಲ್ ಜೊತೆ ಫಾಂಟೂ ಹೋಯಿತು.

ಡಿಸ್ಕ್‌ನ ಆರೋಗ್ಯ ಹೇಗಿದೆ?

ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಇದನ್ನು ತೋರಿಸುತ್ತದೆ. 'ಕಾಷನ್' ಎಂದು ಹಳದಿ ಬಂದರೆ, ಅದರಲ್ಲೂ ಪೆಂಡಿಂಗ್ ಸೆಕ್ಟರ್ ಸಂಖ್ಯೆ ಏರುತ್ತಿದ್ದರೆ, ಆ ಡಿಸ್ಕನ್ನು ನಂಬಬೇಡಿ. ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡುವುದೇ ತಪ್ಪು, ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ. ಎಲ್ಲ ಸರಿ ಇದೆ ಎಂದು ಬಂದರೂ ಹಳೇ ಡಿಸ್ಕ್ ಹಳೆಯದೇ. ಸಿನಿಮಾ, ಹಾಡು, ಎರಡನೇ ಪ್ರತಿಗಳಿಗೆ ಅದು ಸರಿ. ಮನೆಯ ಫೋಟೊಗಳ ಒಂದೇ ಒಂದು ಪ್ರತಿ ಅದರಲ್ಲಿರುವುದು ಬೇಡ.

ಎಲ್ಲವನ್ನೂ ಬೇರೆಡೆ ನಕಲು ಮಾಡಿ, ತೆರೆದು ನೋಡಿದ ಮೇಲೆ ಹಳೇ ಪಾರ್ಟಿಷನ್‌ಗಳನ್ನು ಅಳಿಸಿ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಬಹುದು. ಮಾಡುವಾಗ ಡಿಸ್ಕ್ 0, ಡಿಸ್ಕ್ 1 ಯಾವುದು ಎಂದು ಗಾತ್ರ ನೋಡಿ ಖಚಿತಪಡಿಸಿಕೊಳ್ಳಿ. 2 ಟಿಬಿಗಿಂತ ದೊಡ್ಡ ಡಿಸ್ಕ್‌ಗೆ ಎಂಬಿಆರ್ ಬದಲು ಜಿಪಿಟಿ ಬೇಕು. ಡಿಸ್ಕನ್ನು ಮಾರುವ ಅಥವಾ ಗುಜರಿಗೆ ಕೊಡುವ ಯೋಚನೆ ಇದ್ದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಲ್ಲಿ ಫೈಲ್‌ಗಳು ಒಳಗೇ ಉಳಿಯುತ್ತವೆ. ಕ್ವಿಕ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. 1 ಟಿಬಿಗೆ ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಬಹುದು.