ದ್ರೋಹಿಯ ತಲೆಗೆ ಪ್ರಭಾವಳಿ: ಟ್ಯಾರೋ 12ನೇ ಎಲೆಯ ಚರಿತ್ರೆ

ಟ್ಯಾರೋ ಕಟ್ಟಿನ 12ನೇ ಎಲೆಯಲ್ಲಿ ಯುವಕನೊಬ್ಬ ಒಂದು ಕಾಲಿಗೆ ಹಗ್ಗ ಬಿಗಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿರುತ್ತಾನೆ. ‘ಹ್ಯಾಂಗ್ಡ್ ಮ್ಯಾನ್’ ಎಂಬುದು ಅವನ ಇಂದಿನ ಹೆಸರು. ತ್ಯಾಗ, ಶರಣಾಗತಿ, ಲೋಕವನ್ನು ಬೇರೆಯ ಕಣ್ಣಿಂದ ನೋಡುವ ತಾಳ್ಮೆ ಇವೆಲ್ಲ ಭವಿಷ್ಯ ಹೇಳುವವರು ಅವನಿಗೆ ಹೊರಿಸುವ ಅರ್ಥಗಳು. ಎಲೆ ಹುಟ್ಟಿದ ಹದಿನೈದನೇ ಶತಮಾನದ ಇಟಲಿಯಲ್ಲಿ ಇವುಗಳ ಸುಳಿವು ಸಿಗುವುದಿಲ್ಲ. ಅಲ್ಲಿ ಅವನಿಗಿದ್ದ ಹೆಸರುಗಳಲ್ಲಿ ಒಂದು ‘ಇಲ್ ಟ್ರಾಡಿತೋರೆ’, ಅಂದರೆ ದ್ರೋಹಿ.

ಟ್ಯಾರೋ ಮೊದಲಿಗೆ ಬರೀ ಇಸ್ಪೀಟಾಟ. ನಾಲ್ಕು ಬಣ್ಣದ ಎಲೆಗಳ ಜೊತೆಗೆ ಚಿತ್ರವಿರುವ ತುರುಪುಗಳ ಸಾಲೊಂದು ಸೇರಿ ಆದ ಆಟ. ಲಿಖಿತ ದಾಖಲೆ 1440ರಿಂದ ಸಿಗುತ್ತದೆ. ಆ ಸೆಪ್ಟೆಂಬರಿನಲ್ಲಿ ಆಂಗಿಯಾರಿ ಊರಿನ ಜುಸ್ತೊ ಜುಸ್ತಿ ಎಂಬಾತ ಸಿಜಿಸ್ಮೊಂದೊ ಮಾಲತೆಸ್ತಾಗೆಂದು ಫ್ಲಾರೆನ್ಸ್‌ನಲ್ಲಿ ಒಂದು ಕಟ್ಟು ಮಾಡಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಎರಡು ವರ್ಷದ ಬಳಿಕ ಫೆರಾರಾದ ಎಸ್ತೆ ಅರಮನೆಯ ಲೆಕ್ಕಪತ್ರದಲ್ಲೂ ಈ ಎಲೆಗಳು ಕಾಣಿಸುತ್ತವೆ. ಶತಮಾನದ ಕೊನೆಯ ಹೊತ್ತಿಗೆ ಒಬ್ಬ ಧರ್ಮಬೋಧಕ ಜೂಜನ್ನು ಖಂಡಿಸುತ್ತ ತುರುಪುಗಳನ್ನು ಒಂದೊಂದಾಗಿ ಹೆಸರಿಸಿದ. ಅವನ ಪಟ್ಟಿಯಲ್ಲಿ ಭಾಗ್ಯಚಕ್ರ 10, ಗೂನುಬೆನ್ನಿನ ಮುದುಕ 11, ನೇತುಬಿದ್ದವನು 12, ಸಾವು 13. ಊರಿಂದೂರಿಗೆ ತುರುಪುಗಳ ಕ್ರಮ ಅದಲುಬದಲಾದರೂ ಸಾವಿನ ಹಿಂದಿನ ಜಾಗ ಮಾತ್ರ ಎಲ್ಲ ಕಡೆಯೂ ಇವನಿಗೇ ಮೀಸಲು. ಚಕ್ರ ತಿರುಗುತ್ತದೆ, ಮುಪ್ಪು ಬರುತ್ತದೆ, ಮಾನ ಹೋಗುತ್ತದೆ, ಆಮೇಲೆ ಜೀವ. ಆಡುವವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಿಡಿಸಿ ಹೇಳಬೇಕಾಗಿರಲಿಲ್ಲ ಎನ್ನುವುದಕ್ಕೆ ಕಾರಣ ಊರಿನ ಗೋಡೆಗಳಲ್ಲಿದೆ. ಹದಿಮೂರನೇ ಶತಮಾನದಿಂದ ಹದಿನಾರನೆಯದರವರೆಗೆ ಉತ್ತರ ಮತ್ತು ಮಧ್ಯ ಇಟಲಿಯ ನಗರಗಳು ದ್ರೋಹಿಗಳಿಗೆ, ಮಾತಿಗೆ ತಪ್ಪಿದ ಸೇನಾನಿಗಳಿಗೆ, ಸಾಲ ಮುಳುಗಿಸಿ ಓಡಿಹೋದವರಿಗೆ ಒಂದು ವಿಚಿತ್ರ ಶಿಕ್ಷೆ ವಿಧಿಸುತ್ತಿದ್ದವು. ‘ಪಿತ್ತೂರಾ ಇನ್‌ಫಾಮಾಂತೆ’, ಅಪಕೀರ್ತಿ ಚಿತ್ರ, ಎಂಬುದು ಅದರ ಹೆಸರು. ಆಳು ಕೈಗೆ ಸಿಗದಿದ್ದರೆ ಅವನ ರೂಪವನ್ನು ಸಾರ್ವಜನಿಕ ಕಟ್ಟಡದ ಹೊರಗೋಡೆಯ ಮೇಲೆ ಬರೆಸುವುದು, ಅದೂ ಸಾಮಾನ್ಯವಾಗಿ ಕಾಲಿನಿಂದ ತಲೆಕೆಳಗಾಗಿ ತೂಗುಹಾಕಿದಂತೆ. ಕುತ್ತಿಗೆಗೆ ನೇಣು ಬಿದ್ದವನು ಸತ್ತು ಮುಗಿಯುತ್ತಾನೆ. ಕಾಲಿನಿಂದ ನೇತಾಡುವವನು ಸಾಯದೆ ನಗೆಪಾಟಲಾಗಿ ಉಳಿಯುತ್ತಾನೆ, ಮನೆತನದ ಹೆಸರಿನೊಂದಿಗೆ. ಆ ಸಮಾಜದಲ್ಲಿ ಇದಕ್ಕಿಂತ ದೊಡ್ಡ ಏಟು ಇರಲಿಲ್ಲವೆಂದರೂ ಸಲ್ಲುತ್ತದೆ.

ಜುಸ್ತಿ ಎಲೆಗಳನ್ನು ಮಾಡಿಸಿದ 1440ರಲ್ಲೇ ಫ್ಲಾರೆನ್ಸ್‌ನ ಬಾರ್ಜೆಲ್ಲೊ ಗೋಡೆಯ ಮೇಲೆ ಆಂದ್ರೆಯಾ ದೆಲ್ ಕಾಸ್ತಾನ್ಯೊ, ಆಂಗಿಯಾರಿ ಯುದ್ಧದಲ್ಲಿ ಊರಿನ ವಿರುದ್ಧ ನಿಂತು ಸೋತ ಆಲ್ಬಿಜಿ ಪಕ್ಷದವರನ್ನು ಕಾಲಿನಿಂದ ನೇತುಹಾಕಿ ಚಿತ್ರಿಸಿದ್ದ. ‘ನೇಣಿನವರ ಆಂದ್ರೆಯಾ’ ಎಂಬ ಅಡ್ಡಹೆಸರು ಅವನಿಗೆ ಸಾಯುವವರೆಗೂ ಅಂಟಿಕೊಂಡಿತು. ತೊಂಬತ್ತು ವರ್ಷಗಳ ನಂತರ ಇದೇ ಬಗೆಯ ಕೆಲಸ ಇನ್ನೊಬ್ಬ ಆಂದ್ರೆಯಾನ, ಆಂದ್ರೆಯಾ ದೆಲ್ ಸಾರ್ತೊನ, ಪಾಲಿಗೆ ಬಂತು. 1529-30ರ ಫ್ಲಾರೆನ್ಸ್ ಮುತ್ತಿಗೆಯ ಹೊತ್ತಿನಲ್ಲಿ ಊರು ಬಿಟ್ಟೋಡಿದ ಸೇನಾನಿಗಳನ್ನು ಬರೆಯಬೇಕಿತ್ತು. ಅಡ್ಡಹೆಸರಿಗೆ ಹೆದರಿ ಅವನು ಕೆಲಸ ತನ್ನ ಶಿಷ್ಯನದೆಂದು ಸುದ್ದಿ ಹಬ್ಬಿಸಿ, ಸುತ್ತ ಮರೆ ಕಟ್ಟಿಸಿ, ರಾತ್ರಿ ಬಂದು ಹೋಗಿ ಮಾಡುತ್ತಿದ್ದನೆಂದು ಕಲಾವಿದರ ಚರಿತ್ರೆಕಾರ ವಾಸಾರಿ ಬರೆಯುತ್ತಾನೆ. ಗೋಡೆಯ ಚಿತ್ರಗಳು ಅಳಿದಿವೆ. ಅವಕ್ಕೆಂದು ಕೆಂಪು ಸೀಮೆಸುಣ್ಣದಲ್ಲಿ ಮಾಡಿಕೊಂಡ ಕರಡುಗಳು ಉಫಿಜಿ ಸಂಗ್ರಹದಲ್ಲಿವೆ. ಕಟ್ಟಿದ ಕಾಲು ಸೆಟೆದು ನಿಂತಿದೆ, ಕಟ್ಟದ ಕಾಲು ತನ್ನದೇ ಭಾರಕ್ಕೆ ಮಡಿಸಿ ಜೋತಿದೆ. ಇಂದಿನ ಕೈಪಿಡಿಗಳು ಎಲೆಯಲ್ಲಿನ ಆ ಮಡಿಸಿದ ಕಾಲನ್ನು ಶಿಲುಬೆಯೆಂದೂ ನಾಲ್ಕರ ಅಂಕಿಯೆಂದೂ ಓದುತ್ತವೆ. ಕರಡುಗಳನ್ನು ನೋಡಿದ ಮೇಲೆ ಆ ಓದನ್ನು ಒಪ್ಪುವುದು ಕಷ್ಟ. ಒಂದೇ ಕಾಲಿನಿಂದ ನೇತುಹಾಕಿದರೆ ಇನ್ನೊಂದು ಬೀಳುವುದೇ ಹಾಗೆ.

ಉಳಿದುಬಂದ ಎಲೆಗಳಲ್ಲಿ ಪ್ರಸಿದ್ಧವಾದದ್ದು ವಿಸ್ಕೊಂತಿ-ಸ್ಫೋರ್ಜಾ ಕಟ್ಟಿನದು. 1450ರ ಆಸುಪಾಸಿನಲ್ಲಿ ಮಿಲಾನ್ ಅರಮನೆಗಾಗಿ ಬೊನಿಫಾಚೊ ಬೆಂಬೊನ ಕೈಯಲ್ಲಿ ಆದದ್ದೆಂದು ಹೆಚ್ಚಿನವರ ಅಭಿಪ್ರಾಯ. ಇಂದು ಆ ಕಟ್ಟು ಮೂರು ಪಾಲಾಗಿದ್ದು ಈ ಎಲೆ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿದೆ. ಒತ್ತುಚಿತ್ತಾರದ ಚಿನ್ನದ ಹಿನ್ನೆಲೆ, ಸಾದಾ ಮರದ ಕಂಬ, ಹಸಿರು ಕಾಲುಡುಗೆ ತೊಟ್ಟ ಹೊಂಗೂದಲ ಹುಡುಗ, ಬೆನ್ನ ಹಿಂದೆ ಕೈ. ಮುಖದಲ್ಲಿ ನೋವೂ ಇಲ್ಲ, ಧ್ಯಾನವೂ ಇಲ್ಲ. ಎಲೆಯ ಮೇಲೆ ಹೆಸರಾಗಲಿ ಅಂಕಿಯಾಗಲಿ ಇಲ್ಲ.

ಈ ಕಟ್ಟಿನ ಒಡೆಯ ಫ್ರಾಂಚೆಸ್ಕೊ ಸ್ಫೋರ್ಜಾನ ತಂದೆ ಮೂತ್ಸಿಯೊ ಆತ್ತೆಂದೊಲೊ ಬಾಡಿಗೆ ದಂಡಿನ ನಾಯಕ. 1412ರಲ್ಲಿ ಅವನು ಪೋಪ್ ಪಟ್ಟಕ್ಕೆ ಹಕ್ಕು ಸಾಧಿಸುತ್ತಿದ್ದ ಇಪ್ಪತ್ಮೂರನೇ ಜಾನ್‌ನ ಸೇವೆ ತೊರೆದು ನೇಪಲ್ಸ್ ದೊರೆಯ ಕಡೆ ಸೇರಿದ. ಜಾನ್ ಅವನನ್ನು ರೋಮಿನ ಸೇತುವೆ, ಹೆಬ್ಬಾಗಿಲುಗಳ ಮೇಲೆ ಕಾಲಿನಿಂದ ನೇತಾಡುವಂತೆ ಬರೆಸಿದ. ಒಕ್ಕಲು ಮೂಲವನ್ನು ಹಂಗಿಸಲು ಕೈಗೊಂದು ಗುದ್ದಲಿ, ಜೊತೆಗೆ ಹನ್ನೆರಡು ದ್ರೋಹಗಳ ಆರೋಪ ಹೊತ್ತ ಬರಹ. ಅಪ್ಪನ ಅವಮಾನ ಮಗನ ಆಟದ ಎಲೆಯಾಯಿತು ಎನ್ನುವ ಕಥೆ ಮೋಹಕ. ಹನ್ನೆರಡರ ಅಂಕಿಯಂತೂ ಕೈಹಿಡಿದು ಎಳೆಯುತ್ತದೆ. ಆದರೆ ಇದೇ ಎಲೆ ಸ್ಫೋರ್ಜಾಗಳಿಗೆ ಸಂಬಂಧವಿಲ್ಲದ ಊರುಗಳ ಕಟ್ಟುಗಳಲ್ಲೂ ಇದೆ. ಆರನೇ ಚಾರ್ಲ್ಸ್‌ನದೆಂದು ತಪ್ಪಾಗಿ ಹೆಸರು ಪಡೆದು ಪ್ಯಾರಿಸ್ಸಿನಲ್ಲಿರುವ ಇಟಲಿಯ ಕಟ್ಟಿನಲ್ಲಂತೂ ನೇತುಬಿದ್ದವನ ಎರಡೂ ಕೈಯಲ್ಲಿ ಹಣದ ಚೀಲಗಳಿವೆ. ಬೆಳ್ಳಿ ನಾಣ್ಯಕ್ಕೆ ಗುರುವನ್ನು ಮಾರಿದ ಜೂದಾಸನ ನೆನಪು ಅಲ್ಲಿದೆ. ಒಂದು ಮನೆತನದ ಕಥೆಗಿಂತ ಊರೂರಿನ ಗೋಡೆಗಳೇ ಬಲವಾದ ಸಾಕ್ಷಿ.

ಆಟ ಫ್ರಾನ್ಸಿಗೆ ಹೋಯಿತು. ಮಾರ್ಸೇಯ್ ಮಾದರಿಯ ಅಚ್ಚಿನ ಎಲೆಗಳಲ್ಲಿ ಕಂಬಗಳು ಕೊಂಬೆ ಸವರಿದ ಮರಗಳಾದವು, ‘ಲ ಪಾಂದ್ಯು’ ಎಂಬ ಹೆಸರು ಅಡಿಯಲ್ಲಿ ಕೂತಿತು. ಅಷ್ಟರಲ್ಲಿ ಅಪಕೀರ್ತಿ ಚಿತ್ರ ಬರೆಸುವ ರೂಢಿ ಇಟಲಿಯಲ್ಲೂ ಸತ್ತಿತ್ತು. ಎಷ್ಟರಮಟ್ಟಿಗೆ ಮರೆತುಹೋಗಿತ್ತು ಎಂಬುದಕ್ಕೆ 1781ರ ಒಂದು ಪುಸ್ತಕವೇ ಪುರಾವೆ. ‘ಲ ಮೋಂದ್ ಪ್ರಿಮಿತೀಫ್’ನ ಎಂಟನೇ ಸಂಪುಟದಲ್ಲಿ ಕೂರ್ ದ ಜೆಬೆಲಾಂ, ಟ್ಯಾರೋ ಎಂದರೆ ಪ್ರಾಚೀನ ಈಜಿಪ್ಟಿನ ಜ್ಞಾನಗ್ರಂಥ ಎಂದು ಸಾರಿದ. ಆದರೆ ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೊಂ ಓದಿದ್ದು 1822ರಲ್ಲಿ, ಅಂದರೆ ನಲವತ್ತು ವರ್ಷಗಳ ಮೇಲೆ. ಶಕ್ತಿ, ಮಿತ, ನ್ಯಾಯ ಎಂಬ ಮೂರು ಸದ್ಗುಣಗಳು ಕಟ್ಟಿನಲ್ಲಿವೆ, ನಾಲ್ಕನೆಯ ವಿವೇಕ ಎಲ್ಲಿ ಎಂದು ಕೇಳಿಕೊಂಡು, ಒಂದು ಕಾಲೆತ್ತಿ ಎಚ್ಚರದಿಂದ ಹೆಜ್ಜೆಯಿಡುವ ವಿವೇಕವನ್ನು ಅರಿವಿಲ್ಲದ ಎಲೆ ಮಾಡುವವನು ತಲೆಕೆಳಗು ಮಾಡಿದನೆಂದು ತೀರ್ಮಾನಿಸಿದ. ಅವನನ್ನು ಗೇಲಿ ಮಾಡುವುದು ಸುಲಭ. ಚರಿತ್ರೆಗೆ ಅವನ ತಪ್ಪೇ ಉಪಕಾರಿ: ಇಷ್ಟೊಂದು ಓದಿಕೊಂಡ ಪ್ಯಾರಿಸ್ಸಿನ ಪಂಡಿತನಿಗೂ ಕಾಲಿನಿಂದ ನೇತಾಡುವ ಚಿತ್ರ ದ್ರೋಹಿಯದೆಂದು ಹೊಳೆಯಲಿಲ್ಲ. ಎತೈಲಾ ಎಂಬ ಭವಿಷ್ಯಗಾರ ಒಂದು ಹೆಜ್ಜೆ ಮುಂದೆ ಹೋಗಿ, ತಾನು ಹೊರತಂದ ಕಟ್ಟಿನಲ್ಲಿ ಇವನನ್ನು ಕಿತ್ತುಹಾಕಿ ವಿವೇಕವನ್ನು ನೆಟ್ಟಗೆ ನಿಲ್ಲಿಸಿಬಿಟ್ಟ.

1850ರ ದಶಕದಲ್ಲಿ ಫ್ರಾನ್ಸಿನ ನಿಗೂಢವಾದಿ ಎಲಿಫಾಸ್ ಲೆವಿ 22 ಎಲೆಗಳನ್ನು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಹೊಂದಿಸಿದ. ನೇತುಬಿದ್ದವನು ರಸವಿದ್ಯೆಯ ಗುಟ್ಟು ಹೊತ್ತ ಸಾಧಕನಾದ. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಪಂಥ ಅಕ್ಷರ ಬದಲಿಸಿ ಅವನನ್ನು ಜಲತತ್ವಕ್ಕೆ ಒಪ್ಪಿಸಿತು. ಆ ಪಂಥದಿಂದ ಬಂದ ಆರ್ಥರ್ ಎಡ್ವರ್ಡ್ ವೇಟ್ ಹೇಳಿಕೊಟ್ಟಂತೆ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಎಲೆಗಳು 1909ರಲ್ಲಿ ಲಂಡನ್ನಿನ ರೈಡರ್ ಪ್ರಕಾಶನದಿಂದ ಹೊರಬಂದವು. ಇಂದು ಲೋಕವೆಲ್ಲ ಗುರುತಿಸುವುದು ಈ ರೂಪವನ್ನೇ. ಕಂಬ ಚಿಗುರೊಡೆದ ಟಿ ಆಕಾರದ ಶಿಲುಬೆಯಾಗಿದೆ, ತಲೆಯ ಸುತ್ತ ಹಳದಿ ಪ್ರಭಾವಳಿ ಬಂದಿದೆ. ಹುತಾತ್ಮತೆ, ವಿವೇಕ, ಕರ್ತವ್ಯ ಮುಂತಾಗಿ ಹಿಂದಿನವರು ಹೇಳಿದ್ದೆಲ್ಲ ಸುಳ್ಳೆಂದು ತಳ್ಳಿಹಾಕಿದ ವೇಟ್, ದೈವಕ್ಕೂ ವಿಶ್ವಕ್ಕೂ ಇರುವ ನಂಟನ್ನು ಈ ಎಲೆ ಸೂಚಿಸುತ್ತದೆಂದ. ತನ್ನ ಮಾತಿಗೆ ಆಧಾರವಾಗಿ ಅವನು ತೋರಿಸಿದ್ದು ಆ ಜೀವಂತ ಮರವನ್ನು, ಯಾತನೆಯಿಲ್ಲದ ಆ ತನ್ಮಯ ಮುಖವನ್ನು. ಎರಡೂ ಅವನದೇ ಕಟ್ಟಿನ ಚಿತ್ರದಲ್ಲಿದ್ದವು.

1922ರಲ್ಲಿ ಟಿ. ಎಸ್. ಎಲಿಯಟ್ ‘ದ ವೇಸ್ಟ್ ಲ್ಯಾಂಡ್’ ಕಾವ್ಯಕ್ಕೆ ಈ ಎಲೆಯನ್ನು ತಂದದ್ದು, ಕಣಿ ಹೇಳುವವಳ ಕಣ್ಣಿಗೆ ಬೀಳದ ಎಲೆಯಾಗಿ. ಟ್ಯಾರೋ ಕಟ್ಟಿನ ನಿಖರ ಪರಿಚಯ ತನಗಿಲ್ಲವೆಂದೂ, ಅನುಕೂಲಕ್ಕೆ ತಕ್ಕಂತೆ ಅದರಿಂದ ದೂರ ಸರಿದಿದ್ದೇನೆಂದೂ, ಈ ಎಲೆ ತನ್ನ ಮನಸ್ಸಿನಲ್ಲಿ ಮಾನವಶಾಸ್ತ್ರಜ್ಞ ಫ್ರೇಜರ್ ವಿವರಿಸಿದ ನೇಣುಗೊಂಡ ದೇವರೊಡನೆ ಬೆರೆತಿದೆಯೆಂದೂ ಟಿಪ್ಪಣಿಯಲ್ಲಿ ಒಪ್ಪಿಕೊಂಡ. ಜೆಬೆಲಾಂ, ಲೆವಿ, ವೇಟ್ ಮೂವರೂ ಇದನ್ನೇ ಮಾಡಿದ್ದರು, ಹೇಳಿರಲಿಲ್ಲ ಅಷ್ಟೆ. ಎಲೆಯನ್ನು ಮತ್ತೆ ಇಟಲಿಯ ಗೋಡೆಗಳ ಪಕ್ಕದಲ್ಲಿಟ್ಟು ಓದಿದ ಗರ್ಟ್ರೂಡ್ ಮೋಕ್ಲಿಯ ಪುಸ್ತಕ 1966ರಲ್ಲಿ ಬಂತು. ಟ್ಯಾರೋವಿನ ನಿಗೂಢ ಬಳಕೆ ಹದಿನೆಂಟನೇ ಶತಮಾನದ ಬೆಳವಣಿಗೆಯೆಂದು ತತ್ವಜ್ಞಾನಿ ಮೈಕೆಲ್ ಡಮೆಟ್ 1980ರಲ್ಲಿ ದಾಖಲೆಗಳ ರಾಶಿಯೊಂದಿಗೆ ತೋರಿಸಿದ. ತ್ಯಾಗದ ಅರ್ಥ ಇದರಿಂದ ಸುಳ್ಳಾಗುವುದಿಲ್ಲ, ಅದರ ವಯಸ್ಸು ಗೊತ್ತಾಗುತ್ತದೆ: ಪ್ರಭಾವಳಿಗೆ ನೂರು ವರ್ಷ ದಾಟಿದೆ, ಹಗ್ಗಕ್ಕೆ ಐದು ನೂರು ದಾಟಿದೆ.