ಗೆದ್ದಲಿನ ತಲೆಯನ್ನು ಎಲ್ಲಿಂದ ಎಲ್ಲಿಗೆ ಅಳೀಬೇಕು?

ಸಾಂತಾಕ್ರೂಜಿನ ಹಳೇ ಮನೆಯ ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿದ್ರೆ ಔಷಧಿ ಹೊಡಿಯೋರನ್ನ ಕರೀತೀವಿ. ಇದು ಯಾವ ಗೆದ್ದಲು ಅಂತ ಯಾರೂ ಕೇಳಲ್ಲ. ಭಾರತದಲ್ಲಿ ಸುಮಾರು 300 ಜಾತಿ ಇವೆ ಮಾರಾಯ್ರೇ!

ನೆಲದಡಿಯಿಂದ ಬಂದು ಮರ ತಿನ್ನುವ ಕಾಪ್ಟೊಟರ್ಮಿಸ್ ಕುಲವನ್ನೇ ನೋಡಿ. ಅದರಲ್ಲಿ ಗೆಸ್ಟ್ರಾಯ್, ಹೈಮಿ ಅನ್ನೋ ಎರಡನ್ನು ಅಕ್ಕಪಕ್ಕ ಇಟ್ಟರೆ ಬಲ್ಲವರೂ ತಡವರಿಸುತ್ತಾರೆ. ಎರಡಕ್ಕೂ ಹೆಸರಿಟ್ಟವರು ಎರಿಕ್ ವಾಸ್ಮಾನ್ ಎಂಬ ಜೆಸ್ಯುಯಿಟ್ ಪಾದ್ರಿ. ಮೊದಲನೆಯದಕ್ಕೆ 1896ರಲ್ಲಿ, ಎರಡನೆಯದಕ್ಕೆ 1902ರಲ್ಲಿ.

ಕೆಲಸಗಾರ ಗೆದ್ದಲುಗಳೆಲ್ಲ ನೋಡೋಕೆ ಒಂದೇ ಥರ. ಹಾಗಾಗಿ ಸೈನಿಕನನ್ನು ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಅಳೀತಾರೆ. ಅದರ ತಲೆ ಒಂದು ಮಿಲಿಮೀಟರಿನ ಆಸುಪಾಸು. ತೊಡಕು ಇರೋದು ಇಲ್ಲೇ. ತಲೆಯ ಉದ್ದ ಅಂದ್ರೆ ದವಡೆ ಸೇರಿಸಿಯೋ, ಬಿಟ್ಟೋ? ಬಿಟ್ಟರೆ ದವಡೆಯ ಬುಡಕ್ಕೆ ನಿಲ್ಲಿಸಬೇಕೋ, ಮೇಲ್ದುಟಿಯ ತುದಿವರೆಗೆ ಹೋಗಬೇಕೋ? ಅಳೆಯೋರು ಅದನ್ನು ಹೇಳದೇ ಬರೀ ಅಂಕಿ ಬರೆದರೆ, ಇನ್ನೊಬ್ಬರ ಅಂಕಿ ಜೊತೆ ಅದನ್ನು ಹೋಲಿಸೋಕೇ ಆಗಲ್ಲ. ಕೂದಲೆಳೆಯ ವ್ಯತ್ಯಾಸದಲ್ಲಿ ಹೊಸ ಜಾತಿ ಹುಟ್ಟುವ ವಿದ್ಯೆ ಇದು!

ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ. ಎಲ್. ರೂನ್‌ವಾಲ್ ಈ ಗಂಟಿಗೇ ಕೈ ಹಾಕಿದರು. ಗೆದ್ದಲನ್ನು ಅಳೆಯೋದು ಹೇಗೆ ಅನ್ನೋದರ ಬಗ್ಗೆಯೇ, 1970ರ ಹೊತ್ತಿಗೆ, 50ಕ್ಕೂ ಹೆಚ್ಚು ಪುಟಗಳ ಪ್ರಬಂಧ ಪ್ರಕಟಿಸಿದರು. ತಲೆ, ದವಡೆ, ಗದ್ದದಡಿಯ ಫಲಕ, ಕತ್ತಿನ ಹಿಂದಿನ ಕವಚ, ಹೀಗೆ ಪ್ರತಿ ಅಂಗಕ್ಕೂ ಅಳತೆ ಎಲ್ಲಿ ಶುರು, ಎಲ್ಲಿ ಮುಗಿಯಬೇಕು ಅಂತ ಗುರುತು ಹಾಕಿದರು. ಓದೋಕೆ ನೀರಸವೇ. ಆದರೆ ನನ್ನ ಪ್ರಕಾರ ಹತ್ತು ಹೊಸ ಜಾತಿಗೆ ಹೆಸರಿಡೋದಕ್ಕಿಂತ ಇದು ದೊಡ್ಡ ಕೆಲಸ.

ಇಷ್ಟಾದರೂ ಅಳತೆಯೊಂದನ್ನೇ ನಂಬಿ ಕೂರೋ ಹಾಗಿಲ್ಲ. ಒಂದೇ ಜಾತಿಯಲ್ಲೂ ಗೂಡಿನಿಂದ ಗೂಡಿಗೆ ಸೈನಿಕನ ಗಾತ್ರ ಬದಲಾಗುತ್ತೆ. ಒಂದೆರಡು ಹುಳ ಅಳೆದು ತೀರ್ಪು ಕೊಟ್ಟರೆ ಕೆಟ್ಟಿತು. ಆಗ್ನೇಯ ಏಷ್ಯಾದ ಕಥೆ ಕೇಳಿ: ಅಲ್ಲಿ ಮನೆ ಹಾಳುಮಾಡೋ ಗೆದ್ದಲನ್ನು ಬಹುಕಾಲ ಟ್ರೇವಿಯನ್ಸ್ ಅಂತ ಕರೀತಿದ್ರು. ಅದು ನಿಜವಾಗಿ ಗೆಸ್ಟ್ರಾಯ್ ಅಂತ 2003ರಲ್ಲಿ ಕರ್ಟನ್ ಮತ್ತು ಬ್ರೌನ್ ತೋರಿಸಿದರು. ಅಂದ್ರೆ ಅಷ್ಟು ದಿನದ ಕೀಟನಿಯಂತ್ರಣದ ಮಾಹಿತಿ ಬೇರೆ ಹುಳದ ಖಾತೆಗೆ ಜಮಾ ಆಗಿತ್ತು! 2016ರ ಒಂದು ವಿಮರ್ಶೆ ಈ ಕುಲದ 69 ಹೆಸರುಗಳನ್ನು ಜರಡಿ ಹಿಡಿದಾಗ, ಗಟ್ಟಿ ಪುರಾವೆ ಇದ್ದದ್ದು 21ಕ್ಕೆ ಮಾತ್ರ.

ನಿಮ್ಮ ಗೋಡೆಯ ಮಣ್ಣಿನ ಸುರಂಗ ಒಡೆದಾಗ ಹಳದಿ ತಲೆಯ, ಕೆಣಕಿದರೆ ಹಣೆಯಿಂದ ಹಾಲಿನಂಥ ದ್ರವ ಬಿಡೋ ಸೈನಿಕರು ಕಂಡರೆ ಅದು ಇದೇ ಕುಲದ್ದು. ಒಂದಲ್ಲ, ಹತ್ತಿಪ್ಪತ್ತು ಹಿಡಿದು ಆಲ್ಕೋಹಾಲಿನ ಶೀಶೆಗೆ ಹಾಕಿಡಿ. ಜೊತೆಗೆ ಊರು, ತಾರೀಕು ಬರೆದ ಚೀಟಿಯೂ ಇರಲಿ.