ಮುದ್ದಿನಿಂದ ಸಾಕಿದ ಹೋರಿ ಮನೆಯವರ ಮೇಲೇ ಹಾಯುವುದೇಕೆ? ದನ ಸಾಕುವವರು ತಿಳಿದಿರಬೇಕಾದ ಎಚ್ಚರಿಕೆಗಳು

ಬಾಟಲಿ ಹಾಲು ಕುಡಿದು ಬೆಳೆದ ಗಂಡುಕರು ಮಕ್ಕಳ ಹಿಂದೆ ಓಡುವುದು, ತಲೆಯಿಂದ ಮೆಲ್ಲಗೆ ತಳ್ಳುವುದು ನೋಡಲು ಚೆಂದ. ಆದರೆ ಅದೇ ಕರು ಎರಡು ವರ್ಷ ತುಂಬುವ ಹೊತ್ತಿಗೆ ಸಾಕಿದವರ ಮೇಲೇ ಹಾಯಬಹುದು. ‘ನಾವೇ ಸಾಕಿದ್ದು, ಏನೂ ಮಾಡಲ್ಲ’ ಎಂಬ ನಂಬಿಕೆಯೇ ಮನೆಯಲ್ಲಿ ಹೋರಿ ಸಾಕುವವರಿಗೆ ಇರುವ ದೊಡ್ಡ ಅಪಾಯ.

ಒಂಟಿಯಾಗಿ ಬೆಳೆದ ಕರು

ತಾಯಿ ಮತ್ತು ಇತರ ದನಗಳಿಂದ ದೂರವಿಟ್ಟು, ಮನುಷ್ಯರ ಕೈಯಲ್ಲೇ ಬೆಳೆಸಿದ ಗಂಡುಕರು ಮನುಷ್ಯರನ್ನೇ ತನ್ನ ಜಾತಿಯವರೆಂದು ತಿಳಿಯುತ್ತದೆ. ಪ್ರಾಯಕ್ಕೆ ಬಂದಾಗ ಇನ್ನೊಂದು ಹೋರಿಯ ಜೊತೆ ನಡೆಸಬೇಕಾದ ಬಲಪರೀಕ್ಷೆಯನ್ನು ಮನುಷ್ಯರ ಮೇಲೆ ನಡೆಸುತ್ತದೆ. ಅಮೆರಿಕದ ಪ್ರಾಣಿ ವರ್ತನೆ ತಜ್ಞೆ ಟೆಂಪಲ್ ಗ್ರ್ಯಾಂಡಿನ್ ಕೂಡ ಗಂಡುಕರುಗಳನ್ನು ಒಂಟಿಯಾಗಿ ಬೆಳೆಸಬಾರದು ಎಂದು ಎಚ್ಚರಿಸಿದ್ದಾರೆ.

ಹಾಗಾಗಿ ಗಂಡುಕರುವನ್ನು ಬೇರೆ ದನಕರುಗಳ ಜೊತೆಯಲ್ಲೇ ಬೆಳೆಸಬೇಕು. ಅದರ ಹಣೆಗೆ ಕೈಯೊತ್ತಿ ತಳ್ಳಾಡುವ ಆಟವನ್ನು ಮೊದಲ ದಿನದಿಂದಲೇ ಬಿಡಬೇಕು. ಹಣೆಯ ಬದಲು ಗಂಗೆದೊಗಲು, ಭುಜ ಸವರಬಹುದು. ಜೆರ್ಸಿ, ಹೋಲ್‌ಸ್ಟೀನ್ ಫ್ರೀಶಿಯನ್‌ನಂಥ ಹಾಲಿನ ತಳಿಗಳ ಹೋರಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಬೆಳೆದ ಫ್ರೀಶಿಯನ್ ಹೋರಿ 900 ಕೆ.ಜಿ. ಮೀರಬಹುದು.

ಹಾಯುವ ಮುನ್ನ ಕಾಣುವ ಸೂಚನೆ

ಹೋರಿ ಸಾಮಾನ್ಯವಾಗಿ ಮೊದಲು ಬೆದರಿಸುತ್ತದೆ. ಅಡ್ಡಲಾಗಿ ನಿಂತು ಮೈಯ ಗಾತ್ರ ತೋರಿಸುವುದು, ಬೆನ್ನು ಕಮಾನಿನಂತೆ ಬಾಗಿಸುವುದು, ತಲೆ ತಗ್ಗಿಸಿ ಬುಸುಗುಡುವುದು, ಗೊರಸಿನಿಂದ ಮಣ್ಣು ಕೆದರುವುದು ಇದರ ಲಕ್ಷಣಗಳು. ಆಗ ಬೆನ್ನು ತೋರಿಸಿ ಓಡಬಾರದು. ಹೋರಿಯ ಮೇಲೆ ಗಮನವಿಟ್ಟು ಹಿಂದಕ್ಕೆ ಹೆಜ್ಜೆಯಿಡುತ್ತಾ ಮರ, ಗೋಡೆ ಅಥವಾ ಬೇಲಿಯ ಆಚೆ ಸೇರಬೇಕು. ಒಮ್ಮೆ ಮನುಷ್ಯರ ಮೇಲೆ ಹಾಯ್ದ ಹೋರಿ ಮತ್ತೆ ಹಾಯುವ ಸಾಧ್ಯತೆ ಹೆಚ್ಚು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೇ ಎಂಬುದನ್ನು ಪಶುವೈದ್ಯರ ಜೊತೆ ಮಾತಾಡಿ ತೀರ್ಮಾನಿಸುವುದು ಒಳಿತು.

ಹತ್ತಿರ ಹೋಗುವ ಬಗೆ

ದನಗಳ ಕಣ್ಣು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ ಸುತ್ತಲಿನ ಬಹುಭಾಗ ಅವಕ್ಕೆ ಕಾಣುತ್ತದೆ. ಬಾಲದ ನೇರ ಹಿಂದಿನ ಜಾಗ ಮಾತ್ರ ಕಾಣುವುದಿಲ್ಲ. ಅಲ್ಲಿಂದ ಸದ್ದಿಲ್ಲದೆ ಬಂದವರಿಗೆ ಒದೆ ಬೀಳುವುದು ಸಹಜ. ದೂರದಿಂದಲೇ ಮಾತಾಡಿಸುತ್ತಾ, ಭುಜದ ಪಕ್ಕದಿಂದ ಹತ್ತಿರ ಹೋಗಬೇಕು. ದನ ಹಿಂದಕ್ಕಷ್ಟೇ ಅಲ್ಲ, ಕಾಲನ್ನು ಮುಂದೆ ತಂದು ಪಕ್ಕಕ್ಕೂ ಒದೆಯುತ್ತದೆ. ಆದ್ದರಿಂದ ತೊಡೆಯ ಪಕ್ಕ ನಿಲ್ಲುವುದೂ ಸುರಕ್ಷಿತವಲ್ಲ.

ಹಗ್ಗ ಮತ್ತು ಕೊಟ್ಟಿಗೆ

* ಹಗ್ಗವನ್ನು ಕೈಗೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳಬಾರದು. ದನ ಬೆದರಿ ಓಡಿದರೆ ಹಿಡಿದವರನ್ನೂ ಎಳೆದೊಯ್ಯುತ್ತದೆ.
* ಮೂಗುದಾರ ಇರುವುದು ನಡೆಸಲು ಮತ್ತು ತಡೆಯಲು. ಬರೀ ಮೂಗುದಾರದಿಂದ ಗೂಟಕ್ಕೆ ಕಟ್ಟಿದರೆ ಜಗ್ಗಿದಾಗ ಮೂಗು ಹರಿಯಬಹುದು. ಕಟ್ಟಲು ಕೊರಳ ಹಗ್ಗ ಬಳಸಬೇಕು.
* ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಬೇಕು. ಬೆಂಕಿ ಬಿದ್ದಾಗ, ದನ ಉರುಳು ಬಿಗಿದು ಬಿದ್ದಾಗ ಇದೇ ಜೀವ ಉಳಿಸುತ್ತದೆ.
* ಗೋದಲಿಗೆ ಹೊರಗಿನಿಂದಲೇ ಮೇವು ಹಾಕುವಂತಿರಲಿ. ಹೋರಿಯ ಕೊಟ್ಟಿಗೆಯಲ್ಲಿ ಮನುಷ್ಯರು ನುಸುಳಿ ಹೊರಬರುವಷ್ಟು ಸಂದಿ ಇರಬೇಕು.
* ಚುಚ್ಚುಮದ್ದು, ಲಾಳ ಕಟ್ಟುವ ಕೆಲಸಗಳಿಗೆ ಇಬ್ಬರಾದರೂ ಇರಬೇಕು.

ತಳಿಗೆ ಬೇಡವಾದರೆ

ತಳಿ ಸಂವರ್ಧನೆಗೆ ಬಳಸದ ಹೋರಿಯ ಬೀಜ ಒಡೆಸಿದರೆ ಅದರ ಕಾದಾಟದ ಸ್ವಭಾವ ತಗ್ಗುತ್ತದೆ. ಕಲ್ಲು, ಮರದ ತುಂಡಿನಿಂದ ಜಜ್ಜುವ ಹಳೆಯ ವಿಧಾನ ಕ್ರೂರವಾದದ್ದು, ಗಾಯ ನಂಜಾಗುವ ಭಯವೂ ಇದೆ. ಪಶುವೈದ್ಯರು ಬರ್ಡಿಝೋ ಇಕ್ಕಳ ಬಳಸಿ ಗಾಯವಿಲ್ಲದೆ ಇದನ್ನು ಮಾಡುತ್ತಾರೆ. ಎಳೆಯ ವಯಸ್ಸಿನಲ್ಲೇ ಮಾಡಿಸುವುದು ಒಳ್ಳೆಯದು.

ಸಾಧು ಹಸುವೂ ಹಾಯಬಹುದು

ಹೊಸದಾಗಿ ಕರು ಹಾಕಿದ ಹಸು ಎಷ್ಟೇ ಸಾಧುವಾದರೂ ಕರುವಿನ ಬಳಿ ಬಂದವರನ್ನು ಹಾಯಬಹುದು. ಹಸು ಮತ್ತು ಕರುವಿನ ನಡುವೆ ನಿಲ್ಲಬಾರದು, ನಾಯಿಯನ್ನು ಹತ್ತಿರ ಬಿಡಬಾರದು.

ಶಾಂತವಾಗಿದ್ದ ದನ ಏಕಾಏಕಿ ಕೆರಳಿದರೆ, ಜೊಲ್ಲು ಸುರಿಸುತ್ತಾ ಒಡಕು ದನಿಯಲ್ಲಿ ಕೂಗಿದರೆ, ನುಂಗಲು ಕಷ್ಟಪಟ್ಟರೆ ಅದು ರೇಬಿಸ್ ಆಗಿರಬಹುದು. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕಬಾರದು. ಜೊಲ್ಲು ಗಾಯಕ್ಕೆ ತಗುಲಿದ್ದರೆ 15 ನಿಮಿಷ ಸೋಪು ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಂಚಾರಿ ಪಶು ಚಿಕಿತ್ಸಾ ಸೇವೆಗೆ 1962 ಸಹಾಯವಾಣಿಗೆ ಕರೆ ಮಾಡಬಹುದು.

ಹಬ್ಬಕ್ಕೆ ಊರಿಗೆ ಹೋದಾಗ

ಸಂಕ್ರಾಂತಿಯ ಕಿಚ್ಚು, ದೀಪಾವಳಿಯ ಗೋಪೂಜೆ ನೋಡಲು ಮುಂಬೈ, ಪುಣೆ, ಹೈದರಾಬಾದ್‌ಗಳಿಂದ ಊರಿಗೆ ಬರುವ ಮನೆಗಳಲ್ಲಿ ಮಕ್ಕಳಿಗೆ ದನದ ಸ್ವಭಾವ ಗೊತ್ತಿರುವುದಿಲ್ಲ. ದನಕ್ಕೂ ಆ ಮುಖಗಳು ಹೊಸವು. ಪಟಾಕಿ ಸದ್ದು, ಬೆಂಕಿ, ಜನಜಂಗುಳಿಯಿಂದ ಅದು ಮೊದಲೇ ಬೆದರಿರುತ್ತದೆ. ಸೆಲ್ಫಿಗೆ ಮಕ್ಕಳನ್ನು ಕೊಂಬಿನ ಹತ್ತಿರ ನಿಲ್ಲಿಸಬಾರದು. ದಿನವೂ ಮೇವು ಹಾಕುವವರು ಹಗ್ಗ ಹಿಡಿದು ಪಕ್ಕದಲ್ಲಿ ಇದ್ದಾಗ ಮಾತ್ರ ಮೈ ಸವರಲು ಬಿಡಬೇಕು.